ಸಿಸ್ಟಂ ಮೇಷ್ಟ್ರು

ನಮ್ಮ ಕಡೆ ಯಾವ ಹೈಸ್ಕೂಲಿಗೆ ಹೋದರೂ ಸಿಸ್ಟಂ ಮೇಷ್ಟ್ರು ಅಂತ ಒಬ್ಬರು ಸಿಕ್ಕೇ ಸಿಗುತ್ತಾರೆ. ನೇಮಕಾತಿ ಆದೇಶದ ಪ್ರಕಾರ ಅವರು ಗಣಿತಕ್ಕೋ ವಿಜ್ಞಾನಕ್ಕೋ ಬಂದವರು. ಯಾವುದೋ ಕೆಟ್ಟ ಗಳಿಗೆಯಲ್ಲಿ ಪ್ರಿಂಟರಿಗೆ ಸಿಕ್ಕಿಕೊಂಡಿದ್ದ ಹಾಳೆಯೊಂದನ್ನು ಎಲ್ಲರೆದುರು ಎಳೆದುಕೊಟ್ಟಿರುತ್ತಾರೆ, ಅಷ್ಟೇ. ಅಲ್ಲಿಂದಾಚೆಗೆ ಎಸ್‌ಎಟಿಎಸ್ ಅವರದ್ದು, ಯುಡೈಸ್ ಅವರದ್ದು, ಸ್ಕಾಲರ್‌ಶಿಪ್ಪು ಅವರದ್ದು, ಬಿಸಿಯೂಟದ ಲೆಕ್ಕ ಅವರದ್ದು. ಎಚ್ಚೆಮ್ ಮೇಡಂ ಮಗಳ ಸಿಇಟಿ ಆಪ್ಷನ್ ಎಂಟ್ರಿಯೂ ಅವರದ್ದೇ. ಪೈಥಾಗೊರಸ್ ಮಾತ್ರ ಸ್ಪೆಷಲ್ ಕ್ಲಾಸಿಗೆ ಕಾಯುತ್ತಾ ಕೂತಿರುತ್ತಾನೆ.

ಮಂಚೇನಹಳ್ಳಿಯಲ್ಲಿರುವವರು ಈ ತಳಿಯ ಅಪ್ಪಟ ಮಾದರಿ. ಜೇಬಿನಲ್ಲಿ ಎರಡು ಪೆನ್ನು, ಒಂದು ಪೆನ್ ಡ್ರೈವು. ಪೆನ್ನನ್ನು ಯಾರಿಗಾದರೂ ಕೊಡುತ್ತಾರೆ, ಪೆನ್ ಡ್ರೈವನ್ನು ಹೆಂಡತಿಗೂ ಕೊಡುವುದಿಲ್ಲ. ಆಫೀಸು ಕೋಣೆಯ ಕಂಪ್ಯೂಟರಿನ ಪರದೆ ನೋಡಿದರೆ ಅವರಿಗೆ ಹೊಟ್ಟೆ ತೊಳಸುತ್ತದೆ. ಅಲ್ಲಿರುವ ಫೈಲುಗಳ ಹೆಸರು ಹೀಗೆ: ‘ಹೊಸದು’, ‘ಹೊಸದು ಒಂದು’, ‘ಫೈನಲ್’, ‘ಫೈನಲ್ ಲಾಸ್ಟ್’, ‘ಬಿಇಒ ಆಫೀಸಿಗೆ ಕಳಿಸಿದ್ದು’, ‘ಬಿಇಒ ಆಫೀಸಿಗೆ ನಿಜವಾಗ್ಲೂ ಕಳಿಸಿದ್ದು’.

ಅವರ ದೌರ್ಬಲ್ಯ ಒಂದೇ. ಒಂದೇ ಕೆಲಸವನ್ನು ಎರಡು ಸಲ ಕೈಯಲ್ಲಿ ಮಾಡುವುದು ಮನುಷ್ಯ ಜನ್ಮಕ್ಕೆ ಅವಮಾನ ಅಂತ ನಂಬಿದ್ದಾರೆ. ಅರ್ಧ ದಿನದಲ್ಲಿ ಕೈಯಲ್ಲೇ ಮುಗಿಯುವ ಕೆಲಸವಿದ್ದರೆ, ಅದನ್ನು ಅರ್ಧ ನಿಮಿಷದಲ್ಲಿ ಮುಗಿಸುವ ಸ್ಕ್ರಿಪ್ಟು ಬರೆಯಲು ಮೂರು ದಿನ ಕೂರುತ್ತಾರೆ. ಆ ಮೂರು ದಿನ ಅವರ ಮುಖದಲ್ಲಿ ಒಂದು ಕಳೆ ಇರುತ್ತದೆ.

ಎಸ್ಸೆಸ್ಸೆಲ್ಸಿ ಮಕ್ಕಳ ನೋಂದಣಿ ಕಾಲ. ಬಸ್‌ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋದ ಹುಡುಗ ಬಂದು, ನೀಲಿ ಪರದೆ ಕಟ್ಟಿ, ಹತ್ತನೇ ಕ್ಲಾಸಿನವರ ಫೋಟೋ ಹೊಡೆದು ಸಿಡಿ ಕೊಟ್ಟುಹೋದ. ಕ್ಯಾಮೆರಾಕ್ಕೆ ಮಕ್ಕಳ ಹೆಸರು ಗೊತ್ತೇ? ‘ಡಿಎಸ್‌ಸಿ 0412’, ‘ಡಿಎಸ್‌ಸಿ 0413’ ಅಂತ ಸಾಲಾಗಿ ನಿಲ್ಲಿಸಿತ್ತು. ಒಂದೊಂದನ್ನೂ ತೆರೆದು, ಮುಖ ನೋಡಿ, ಹೆಸರು ಹೊಡೆದರೆ ಸಂಜೆಯೊಳಗೆ ಮುಗಿಯುತ್ತಿತ್ತು. ಎಚ್ಚೆಮ್ ಮೇಡಂ ಅದನ್ನೇ ಹೇಳಿದರು.

“ಬೇಡಿ ಮೇಡಂ. ಒಂದು ಪಟ್ಟಿ ಮಾಡ್ಕೊಂಡ್ರೆ ಮುಗೀತು” ಅಂದರು ಮೇಷ್ಟ್ರು.

ಎಕ್ಸೆಲ್‌ನಲ್ಲಿ ಎರಡು ಕಾಲಂ. ಎಡಗಡೆ ಹಳೇ ಹೆಸರು, ಬಲಗಡೆ ಹೊಸ ಹೆಸರು. ಮೂರನೇ ಕಾಲಮ್ಮಿನಲ್ಲಿ ಒಂದು ಸೂತ್ರ ಕೊಟ್ಟರೆ ‘ರೆನ್’ ಅನ್ನುವ ಆಜ್ಞೆ, ಅದರ ಪಕ್ಕ ಹಳೇ ಹೆಸರು, ಅದರ ಪಕ್ಕ ಹೊಸ ಹೆಸರು ತಾನಾಗಿ ಜೋಡಣೆಯಾಗುತ್ತದೆ. ಆ ಕಾಲಮ್ಮನ್ನು ಎತ್ತಿ ನೋಟ್‌ಪ್ಯಾಡಿಗೆ ಹಾಕಿ, ಕೊನೆಗೆ ‘.ಬ್ಯಾಟ್’ ಅಂತ ಸೇರಿಸಿ ಸೇವ್ ಮಾಡಿ, ಫೋಟೋಗಳಿರುವ ಫೋಲ್ಡರಿನಲ್ಲಿಟ್ಟು ಎರಡು ಸಲ ಒತ್ತಿದರೆ ಕಪ್ಪು ಕಿಟಕಿಯೊಂದು ಫಳಕ್ಕನೆ ತೆರೆದು ಮುಚ್ಚುತ್ತದೆ. ಅಷ್ಟರಲ್ಲಿ ಇಡೀ ಕ್ಲಾಸಿಗೆ ನಾಮಕರಣ ಆಗಿಹೋಗಿರುತ್ತದೆ. ಇದನ್ನು ವಿವರಿಸುವಾಗ ಮೇಷ್ಟ್ರ ಕಣ್ಣು ಒದ್ದೆಯಾಗುತ್ತದೆ, ಸ್ಟಾಫ್ ರೂಮು ಖಾಲಿಯಾಗುತ್ತದೆ.

ಮೊದಲು ಮಕ್ಕಳ ಹೆಸರನ್ನೇ ಫೈಲಿನ ಹೆಸರಾಗಿ ಕೊಟ್ಟರು. ಕನ್ನಡದಲ್ಲಿ. ಕಪ್ಪು ಕಿಟಕಿ ಕನ್ನಡಕ್ಕೆ ಬರೀ ಪ್ರಶ್ನಾರ್ಥಕ ಚಿಹ್ನೆಗಳನ್ನು ಕಾರಿತು. ಇಂಗ್ಲಿಷಿಗೆ ತಿರುಗಿಸಿದರು. ಆಗ ಎದುರಾದವನು ಅಶ್ವತ್ಥನಾರಾಯಣ. ವಿದುರಾಶ್ವತ್ಥ ಇಲ್ಲೇ ಪಕ್ಕದಲ್ಲಿ. ಅಲ್ಲಿ ನಾಗರಕಲ್ಲಿಗೆ ಹರಕೆ ಹೊತ್ತು ಹುಟ್ಟಿದ ಗಂಡುಮಕ್ಕಳಿಗೆ ಅದೇ ಹೆಸರು. ಕ್ಲಾಸಿಗೆ ಮೂವರಿಲ್ಲದಿದ್ದರೆ ಅದು ಗೌರಿಬಿದನೂರು ಸೀಮೆಯೇ ಅಲ್ಲ. ಮೊದಲನೆಯವನಿಗೆ ಹೆಸರಾಯಿತು. ಎರಡನೆಯವನಿಗೆ ವಿಂಡೋಸ್ ಅಡ್ಡಡ್ಡ ತಲೆಯಾಡಿಸಿತು. ಅದು ಕೊಟ್ಟ ಉತ್ತರದ ಸಾರಾಂಶ: ಇದೇ ಹೆಸರಿನ ಫೈಲು ಇನ್ನೊಂದಿದೆ, ಇಲ್ಲದಿದ್ದರೆ ಫೈಲೇ ಸಿಗುತ್ತಿಲ್ಲ. ಮೂವತ್ತು ವರ್ಷ ಸರ್ಕಾರಿ ಕಚೇರಿಗಳ ಕಂಬ ಸುತ್ತಿದ ನಮ್ಮ ಅಟೆಂಡರ್ ಅದನ್ನು ಓದಿಸಿಕೊಂಡು ಕೇಳಿ, “ಸರ್ಯಾಗೇ ಹೇಳೈತಲ್ಲ ಸಾ” ಅಂದ.

ಸರಿ, ಹೆಸರು ಬೇಡ, ಎಸ್‌ಎಟಿಎಸ್ ನಂಬರು ಹಾಕೋಣ. ಒಂದು ನಂಬರಿಗೆ ಒಂದೇ ಮಗು. ಇಷ್ಟು ತೀರ್ಮಾನವಾಗುವಷ್ಟರಲ್ಲಿ ಎರಡು ದಿನ ಕಳೆದಿತ್ತು.

ಈ ಎರಡು ಕಾಲಮ್ಮಿನ ಹುಚ್ಚು ಶಾಲೆಗಷ್ಟೇ ಸೀಮಿತವಲ್ಲ. ಮೇಷ್ಟ್ರ ಪ್ರಕಾರ ಸರ್ಕಾರ ನಡೆಯುವುದೂ ಹೀಗೆಯೇ. 2014ರ ನವೆಂಬರ್ 1ರಂದು ಎಡಗಡೆ ಬೆಲ್ಗಾಂ, ಗುಲ್ಬರ್ಗಾ, ಬಿಜಾಪುರ. ಬಲಗಡೆ ಬೆಳಗಾವಿ, ಕಲಬುರಗಿ, ವಿಜಯಪುರ. ಒಂದೇ ಏಟಿಗೆ 12 ಊರು. ಮಕ್ಕಳ ಅಪ್ಪಂದಿರ ಹಳೇ ಟಿಸಿಯಲ್ಲಿ ‘ಗೌರಿಬಿದನೂರು ತಾಲ್ಲೂಕು, ಕೋಲಾರ ಜಿಲ್ಲೆ’ ಅಂತಿದೆ. 2007ರಲ್ಲಿ ಜಿಲ್ಲೆ ಚಿಕ್ಕಬಳ್ಳಾಪುರವಾಯಿತು, ಆಮೇಲೆ ಮಂಚೇನಹಳ್ಳಿಯೇ ತಾಲ್ಲೂಕಾಯಿತು. ಇದಕ್ಕೂ ಅವರ ಪೆನ್ ಡ್ರೈವಿನಲ್ಲಿ ಒಂದು ಪಟ್ಟಿ ಇದೆ. 2025ರ ಜುಲೈನಲ್ಲಿ ನಂದಿಬೆಟ್ಟದ ಸಂಪುಟ ಸಭೆ ಬಾಗೇಪಲ್ಲಿಯನ್ನು ಭಾಗ್ಯನಗರ ಮಾಡಲು ಒಪ್ಪಿದ ಸುದ್ದಿ ಬಂದಾಗ ಊರೆಲ್ಲ ಪರ ವಿರೋಧ ಮಾತಾಡುತ್ತಿತ್ತು. ಮೇಷ್ಟ್ರು ಮಾತ್ರ ಪಟ್ಟಿಗೆ ಒಂದು ಸಾಲು ಸೇರಿಸಿ ಚಹಾ ಕುಡಿದರು.

ಮೂರನೇ ದಿನ ಸ್ಕ್ರಿಪ್ಟು ಓಡಿತು. ಒಂದೂ ತಪ್ಪು ತೋರಿಸಲಿಲ್ಲ. ಮೇಷ್ಟ್ರು ಕುರ್ಚಿಗೆ ಒರಗಿದರು. ಎಚ್ಚೆಮ್ ಮೇಡಂ ಸುಮ್ಮನೆ ಒಂದು ಫೋಟೋ ತೆಗೆಸಿ ನೋಡಿ, “ಏನ್ರೀ, ಭೂಮಿಕಾಗೆ ಮೀಸೆ ಬಂದಿದೆ?” ಅಂದರು.

ಫೋಟೋ ದಿನ ಹದಿನೇಳನೇ ನಂಬರಿನ ಹುಡುಗಿ ಕಣ್ಣು ಮುಚ್ಚಿದ್ದಳಂತೆ. ಸ್ಟುಡಿಯೋ ಹುಡುಗ ಇನ್ನೊಂದು ಹೊಡೆದಿದ್ದ. ಹೊಡೆದದ್ದನ್ನು ಯಾರಿಗೂ ಹೇಳಿರಲಿಲ್ಲ. ಪಟ್ಟಿಯಲ್ಲಿ ಅವಳಿಗೆ ಒಂದೇ ಸಾಲು, ಸಿಡಿಯಲ್ಲಿ ಎರಡು ಮುಖ. ಅಲ್ಲಿಂದ ಕೆಳಗೆ ಇಡೀ ಕ್ಲಾಸು ಒಂದೊಂದು ಮನೆ ಹಿಂದಕ್ಕೆ ಸರಿದು, ಪ್ರತಿಯೊಬ್ಬರೂ ತಮ್ಮ ಹಿಂದಿನವರ ಮುಖ ಹೊತ್ತು ನಿಂತಿದ್ದರು. ಮೊದಲೇ ಫೋಲ್ಡರಿನ ಕಾಪಿ ಇಟ್ಟುಕೊಂಡಿದ್ದರೋ ಅಂದರೆ, ಇಟ್ಟಿದ್ದರು. ಆ ವಿಷಯದಲ್ಲಿ ಮೇಷ್ಟ್ರು ಗಟ್ಟಿ. ಆದರೆ ಅದರಲ್ಲೂ ಇದ್ದದ್ದು ಡಿಎಸ್‌ಸಿ 0412, 0413. ಯಾರ ಮುಖ ಯಾರದು ಅನ್ನುವುದನ್ನು ಯಾವ ಸೂತ್ರ ಹೇಳೀತು?

ದಸರಾ ರಜೆ ಬೇರೆ. ಹತ್ತನೇ ಕ್ಲಾಸಿನ ಮೇಡಂ ಹೊಸಬರು. ಕೊನೆಗೆ ಅಟೆಂಡರ್ ಹೋಗಿ ಬಿಸಿಯೂಟದ ಅಕ್ಕನನ್ನು ಮನೆಯಿಂದ ಕರೆತಂದ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಪರದೆಯ ಮುಂದೆ ನಿಂತಳು. ಮೇಷ್ಟ್ರು ಒಂದೊಂದೇ ಮುಖ ತೋರಿಸುತ್ತಾ ಹೋದರು.

“ಇದು ಜರಬಂಡಹಳ್ಳಿ ಹುಡ್ಗಿ, ಮೊಟ್ಟೆ ತಿನ್ನಲ್ಲ, ಬಾಳೆಹಣ್ಣು ಕೊಡ್ಬೇಕು. ಇವ್ನು ಮಿಣಕನಗುರ್ಕಿ ಅಶ್ವತ್ಥ. ಇವ್ನೂ ಅಶ್ವತ್ಥನೇ, ಆದ್ರೆ ಇವ್ನು ಸಾರು ಎರಡ್ ಸಲ ಹಾಕಿಸ್ಕೊಳ್ಳೋನು. ಇದ್ಯಾಕ್ ಸಾ, ಈ ಮಗೀನ ಎರಡ್ ಸಲ ತೆಗ್ದಿದೀರ?”

ಮೇಷ್ಟ್ರು ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಿಗೆ ಸೇರಿಸಿದರು. ಬಲಗಡೆ ಇಂಗ್ಲಿಷ್ ಅಕ್ಷರದಲ್ಲಿ ‘ಕಣ್ಣು ಮುಚ್ಚಿದ್ದು’ ಅಂತ ಹಾಕಿದರು. ಆಕೆ ಎಲ್ಲ ಮುಖಗಳನ್ನೂ ಮುಗಿಸಿ, ಅಕ್ಕಿ ಕಡಿಮೆ ಬಂದ ವಿಷಯವನ್ನೂ ಎಚ್ಚೆಮ್ ಕಿವಿಗೆ ಹಾಕಿ, ಮನೆಗೆ ಹೊರಟಳು. ಮೇಷ್ಟ್ರು ‘.ಬ್ಯಾಟ್’ ಮೇಲೆ ಎರಡು ಸಲ ಒತ್ತಿದರು. ಕಪ್ಪು ಕಿಟಕಿ ಬಂತು, ಹೋಯಿತು.

ಎಚ್ಚೆಮ್ ಮೇಡಂ ಭೂಮಿಕಾಳನ್ನು ತೆರೆದು ನೋಡಿದರು. ಮೀಸೆ ಇರಲಿಲ್ಲ. ಇನ್ನೆರಡು ತೆರೆದು ನೋಡಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು:

“ಇಷ್ಟೇನಾ? ಇದಕ್ಕೆ ಮೂರು ದಿನ ತಗೊಂಡ್ರಾ?”