ಬಾಡಿಗೆ ತೋಟದ ಮೊದಲ ಫಸಲು

ಬ್ರಿಟನ್ನಿನಲ್ಲಿ ಸ್ಥಳೀಯ ಆಡಳಿತಗಳು ತರಕಾರಿ ಬೆಳೆಯಲೆಂದು ಕುಟುಂಬಗಳಿಗೆ ವಾರ್ಷಿಕ ಬಾಡಿಗೆಗೆ ಕೊಡುವ ತುಂಡುಭೂಮಿಗೆ ‘ಅಲಾಟ್‌ಮೆಂಟ್’ ಎಂದು ಹೆಸರು. 1908ರ ಕಾಯಿದೆಯ ಬಲವಿರುವ ಈ ತುಂಡಿನ ರೂಢಿಯ ಅಳತೆ 10 ರಾಡ್, ಎಂದರೆ ಸುಮಾರು 250 ಚದರ ಮೀಟರ್. ಮೊದಲ ವರ್ಷದ ಕುಟುಂಬವು ಪೊಟ್ಟಣದ ಮೇಲಿನ ಚಿತ್ರವನ್ನು ನಂಬಿ ವಸಂತದಲ್ಲಿ ಸೊಪ್ಪಿನ ಬೀಜ ಬಿತ್ತಿದರೆ, ಚಿಪ್ಪಿಲ್ಲದ ಬಸವನಹುಳುಗಳಾದ ಸ್ಲಗ್‌ಗಳು ಮಳೆಯ ಇರುಳಿನಲ್ಲಿ ಬಂದು, ಬಾಡಿಗೆಯ ಮಾತೆತ್ತದೆ, ಮೊದಲ ಪಂಕ್ತಿಯಲ್ಲೇ ಉಂಡೇಳುತ್ತವೆ. ಆಗಸ್ಟಿನಲ್ಲಾದರೋ, ಕುಂಬಳದ ಕುಲಕ್ಕೆ ಸೇರಿದ, ಎಳೆಯದಿರುವಾಗಲೇ ಕೀಳಬೇಕಾದ ಕೋರ್ಜೆಟ್ ಕಾಯಿಯು ನಾಲ್ಕು ದಿನ ಕಣ್ತಪ್ಪಿದರೆ ತೋಳುಗಾತ್ರ ಬೆಳೆದು ‘ಮ್ಯಾರೋ’ ಎಂಬ ಬಡ್ತಿ ಪಡೆಯುವುದರಿಂದ, ಸೂಪು, ಕೇಕುಗಳಿಂದ ದಣಿದ ಮನೆಯವರು ಅದನ್ನು ನೆರೆಯವರಿಗೆ ದಾನಮಾಡಲು ಹೊರಡುತ್ತಾರೆ; ನೆರೆಯ ತೋಟದವರೂ ಅದೇ ದಾನವನ್ನು ಹಿಡಿದು ಎದುರಾಗುತ್ತಾರೆ. ಬಾಡಿಗೆ, ಬೀಜ, ಗೊಬ್ಬರಗಳ ಲೆಕ್ಕವನ್ನು ಕೂಡಿಸದೆ ಮರುವರ್ಷದ ಬಾಡಿಗೆಯನ್ನು ಸಂತೋಷದಿಂದ ಕಟ್ಟುವವನೇ ನಿಜವಾದ ತೋಟಗಾರ.