ಇಪ್ಪತ್ತೊಂದು ಯೂನಿಟ್ಟಿನ ರಾಯರು

ಬಸವೇಶ್ವರನಗರದ ಹಾವನೂರು ಸರ್ಕಲ್ ಹತ್ತಿರ ನಮ್ಮ ಎದುರುಮನೆಯವರು ರಾಯರು. ರಿಟೈರಾದ ಎಂಜಿನಿಯರು. ಅಂಥವರನ್ನು ನೀವೂ ಕಂಡಿರುತ್ತೀರಿ. ಯಾರ ಮನೆಗೆ ಹೋದರೂ ಕಾಫಿ ಬರುವುದರೊಳಗೆ ಫ್ರಿಜ್ಜಿನ ಮೇಲಿನ ಸ್ಟಾರ್ ಎಣಿಸಿ ಮುಗಿಸಿರುತ್ತಾರೆ. 2023ರಲ್ಲಿ ಗೃಹಜ್ಯೋತಿ ಬಂದಂದಿನಿಂದ 200 ಯೂನಿಟ್ ಅವರ ಲಕ್ಷ್ಮಣರೇಖೆ. ದಾಟಿದರೆ ಪೂರ್ತಿ ಬಿಲ್ಲು.

ಹೋದ ಡಿಸೆಂಬರಿನಲ್ಲಿ ಮೀಟರು 207 ತೋರಿಸಿತು. ಗೀಸರಿನ ವಿಷಯ ಎತ್ತುವಂತಿಲ್ಲ, ಮುಕ್ಕಾಲು ಗಂಟೆ ಸ್ನಾನ ಮಾಡುವವರು ಸ್ವತಃ ರಾಯರು. ಸಿಕ್ಕಿಬಿದ್ದದ್ದು ಬೀರುವಿನೊಳಗಿನ ಸರ್ವರು. ಮಗ ಅಮೆರಿಕಕ್ಕೆ ಹೋಗುವಾಗ ಕೂರಿಸಿ ಹೋದದ್ದು. ಎರಡು ಹಾರ್ಡ್ ಡಿಸ್ಕಿನ ತುಂಬ ಉಪನಯನದ ವಿಡಿಯೊ, ಮದುವೆ ಆಲ್ಬಮ್ಮು, ಸ್ಕ್ಯಾನ್ ಮಾಡಿದ ಖಾತಾ ಪತ್ರ. ತೆರೆಯುವುದು ವರ್ಷಕ್ಕೊಮ್ಮೆ, ಕಂದಾಯ ಕಟ್ಟುವಾಗ.

ಎಸ್.ಪಿ. ರೋಡಿನಿಂದ ವ್ಯಾಟ್ ಮೀಟರು ತಂದು ಸಿಕ್ಕಿಸಿದರು. 30 ವ್ಯಾಟ್. "ತಿಂಗಳಿಗೆ 21.6 ಯೂನಿಟ್ಟು ಸ್ವಾಮಿ! ವರ್ಷಕ್ಕೊಂದು ದಿನ ಗೇಟು ತೆಗೆಯೋಕೆ ಫುಲ್ ಟೈಮ್ ವಾಚ್‌ಮನ್ನು!"

ಇಪ್ಪತ್ತು ನಿಮಿಷ ಯಾರೂ ಮಾತಾಡಿಸದಿದ್ದರೆ ಡಿಸ್ಕು ಮಲಗುವಂತೆ ಮಾಡಿದರು. 19 ವ್ಯಾಟಿಗಿಳಿಯಿತು. ಆದರೆ ಸಂಜೆ ಏಳೂವರೆಗೆ ಸರಿಯಾಗಿ ಗರ್ ಅಂತ ಎದ್ದು ಕೂರುತ್ತಿತ್ತು. ರಾಯರು ಸ್ಟೂಲ್ ಹಾಕಿಕೊಂಡು ನೋಟ್‌ಬುಕ್ ಹಿಡಿದು ಮೂರು ದಿನ ಕಾವಲು ಕೂತರು. ಕಳ್ಳ, ಹಾಲ್‌ನಲ್ಲಿದ್ದ ಟೀವಿ! ಹೆಂಡತಿ ಧಾರಾವಾಹಿಗೆಂದು ಹಾಕಿದೊಡನೆ ಅದು "ಮನೇಲಿ ಯಾವ ಸಿನಿಮಾ ಇದೆ" ಅಂತ ಸರ್ವರನ್ನು ತಟ್ಟಿ ಕೇಳುತ್ತಿತ್ತು. ಹೀಗೆ ದಿನಾ ಎದ್ದು ಮಲಗಿದರೆ ಡಿಸ್ಕು ಸವೆಯುತ್ತದಲ್ಲ! ಇಡೀ ಯಂತ್ರವನ್ನೇ ಮಲಗಿಸಿದರು. ನೆಟ್‌ವರ್ಕ್ ಕಾರ್ಡು ಮಾತ್ರ ಎಚ್ಚರ. ಅದರ ವಿಳಾಸವನ್ನು 16 ಸಲ ಕೂಗುವ ಸಂದೇಶ ಬಂದರಷ್ಟೇ ಏಳುತ್ತದೆ. "ನಮ್ಮ ಮೊಮ್ಮಗನೂ ಅಷ್ಟೇ, ಹದಿನಾರು ಸಲ ಕೂಗಬೇಕು." ಮೀಟರಿನಲ್ಲಿ 2 ವ್ಯಾಟ್. ಇದನ್ನು ಹೇಳಲು ರಾತ್ರಿ ಹತ್ತಕ್ಕೆ ನಮ್ಮ ಬೆಲ್ ಒತ್ತಿದ್ದರು.

ಭಾನುವಾರ ಅವರ ಮನೆ ಇಡ್ಲಿ ಕಲ್ಲಾಯಿತು.

"ರೀ, ಆ ಡಬ್ಬಕ್ಕೆ ಏನ್ ಮಾಡಿದ್ರಿ? ಹಿಟ್ಟು ಹುಳೀನೇ ಬಂದಿಲ್ಲ." ನಾಲ್ಕು ಚಳಿಗಾಲದಿಂದ ಆಕೆ ಹಿಟ್ಟಿನ ಪಾತ್ರೆ ಇಡುತ್ತಿದ್ದದ್ದು ಅದೇ ಬೀರುವಿನಲ್ಲಿ, ಸರ್ವರಿಗೆ ಒತ್ತಿಕೊಂಡಂತೆ.

ಈಗ ಶನಿವಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸರ್ವರು ತಾನೇ ಎದ್ದಿರುತ್ತದೆ. ರಾಯರ ನೋಟ್‌ಬುಕ್ಕಿನಲ್ಲಿ ಅದರ ಹೆಸರು 'ವಾರದ ಬ್ಯಾಕಪ್', 0.24 ಯೂನಿಟ್. ಯಾವ ಫೈಲಿನ ಬ್ಯಾಕಪ್ ಅಂತ ನಾನು ಕೇಳಲು ಹೋಗಿಲ್ಲ. ಮೊನ್ನೆ ಚಟ್ನಿ ಸಮೇತ ಆರು ಇಡ್ಲಿ ಕಳಿಸಿದ್ದರು.