ಕಾಲಂ ಸರಿಸಲು ಹೊರಟವರಿಗೆ ಒಂದು ಬಹಿರಂಗ ಪತ್ರ

ಡೇಟಾಬೇಸ್ ಕೆಲಸಕ್ಕೆ ಹೊಸದಾಗಿ ಬಂದಿರುವ ಗೆಳೆಯ ಗೆಳತಿಯರೇ,

ಸದಸ್ಯರ ಟೇಬಲ್ಲಿಗೆ ಮೊಬೈಲ್ ನಂಬರಿನ ಕಾಲಂ ಸೇರಿಸಿದಿರಿ. ಅದು ಹೋಗಿ ಕಟ್ಟಕಡೆಯಲ್ಲಿ ಕೂತಿತು. ಹೆಸರಿನ ಪಕ್ಕಕ್ಕೆ ತಂದುಕೊಡಿ ಎಂದು ಕೇಳುತ್ತಿದ್ದೀರಿ. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ದಿನವಿಡೀ ಆ ಟೇಬಲ್ ನೋಡುವವರ ಕಣ್ಣಿಗೆ ಅದು ಬೇಕು. ಆದರೂ ನಾನು ಬೇಡ ಎನ್ನುತ್ತಿದ್ದೇನೆ. ಕಾರಣ ಹೇಳದೆ ಬೇಡ ಎನ್ನುವುದು ಸರಿಯಲ್ಲ, ಅದಕ್ಕೇ ಈ ಪತ್ರ.

ಪೋಸ್ಟ್‌ಗ್ರೆಸ್‌ನಲ್ಲಿ ಇರುವ ಕಾಲಂ ಸರಿಸುವ ಆಜ್ಞೆಯೇ ಇಲ್ಲ. ಪ್ರತಿ ಕಾಲಂ ಹುಟ್ಟುವಾಗಲೇ ಅದಕ್ಕೊಂದು ಕ್ರಮಸಂಖ್ಯೆ ಬೀಳುತ್ತದೆ. ಡಿಸ್ಕಿನಲ್ಲಿ ಅದು ಕೂರುವ ಜಾಗ, ನಿಮ್ಮ ಪರದೆಯಲ್ಲಿ ಕಾಣುವ ಜಾಗ, ಎರಡೂ ಆ ಒಂದೇ ಸಂಖ್ಯೆಯ ಲೆಕ್ಕದಲ್ಲಿ ನಡೆಯುತ್ತವೆ. ಮೈಎಸ್‌ಕ್ಯೂಎಲ್‌ನಲ್ಲಿ ‘ಆಫ್ಟರ್’ ಎಂದು ಬರೆದು ಸರಿಸಬಹುದು, ಆದರೆ ಅದಕ್ಕಾಗಿ ಒಳಗೊಳಗೇ ಇಡೀ ಟೇಬಲ್ ಹೊಸದಾಗಿ ಬರೆಯಲ್ಪಡುತ್ತದೆ. 8.0.29ರಿಂದ ಹೊಸ ಕಾಲಮ್ಮನ್ನು ನಡುವೆ ಸೇರಿಸುವುದು ಕ್ಷಣದ ಕೆಲಸವಾಗಿದೆ. ಹಳೆಯದನ್ನು ಸರಿಸುವುದು ಇನ್ನೂ ದೊಡ್ಡ ಕೆಲಸವೇ.

ಹಾಗಾದರೆ ಉಳಿದ ದಾರಿ ಗೊತ್ತಲ್ಲ: ಬೇಕಾದ ಕ್ರಮದಲ್ಲಿ ಹೊಸ ಟೇಬಲ್ ಕಟ್ಟಿ, ಡೇಟಾ ನಕಲು ಮಾಡಿ, ಹಳೆಯದರ ಹೆಸರು ಬದಲಿಸಿ, ಹೊಸದಕ್ಕೆ ಆ ಹೆಸರು ಇಡುವುದು. ಇಂಡೆಕ್ಸ್, ಫಾರಿನ್ ಕೀ, ಟ್ರಿಗರ್, ಯಾರಿಗೆ ಏನು ಅನುಮತಿ ಎಂಬುದು, ಎಲ್ಲವನ್ನೂ ಮತ್ತೆ ಕಟ್ಟಬೇಕು. ಇದರಲ್ಲಿ ನನಗೆ ಹೆಚ್ಚು ಭಯ ವ್ಯೂಗಳದ್ದು. ಪೋಸ್ಟ್‌ಗ್ರೆಸ್‌ನಲ್ಲಿ ವ್ಯೂ ಟೇಬಲ್ಲಿನ ಹೆಸರನ್ನು ನೆಚ್ಚಿಕೊಂಡಿಲ್ಲ, ಅದರ ಒಳಗಿನ ಗುರುತನ್ನು ಹಿಡಿದುಕೊಂಡಿರುತ್ತದೆ. ನೀವು ಹೆಸರು ಬದಲಿಸಿದರೂ ಅದು ಹಳೆಯ ಟೇಬಲ್ಲಿನ ಬೆನ್ನಿಗೇ ಹೋಗುತ್ತದೆ. ವರದಿಗಳು ಎಂದಿನಂತೆ ಬರುತ್ತವೆ, ನಿನ್ನೆಯಿಂದ ಸೇರಿದ ಸದಸ್ಯರು ಮಾತ್ರ ಅವುಗಳಲ್ಲಿ ಇರುವುದಿಲ್ಲ.

ಇಷ್ಟನ್ನೂ ಜೋಪಾನವಾಗಿ ಮಾಡಿ ನಾನು ಒಮ್ಮೆ ಕೆಟ್ಟಿದ್ದೇನೆ. ಒಂದು ಸಹಕಾರ ಸಂಘದ ಸಾಲ ವಸೂಲಿ ಟೇಬಲ್ಲಿನಲ್ಲಿ ಬಡ್ಡಿ ಮೊದಲು, ಅಸಲು ಆಮೇಲೆ ಇತ್ತು. ನೋಡಲು ಸರಿಯಿಲ್ಲವೆಂದು ಅಸಲನ್ನು ಮುಂದೆ ತಂದೆ. ರಾತ್ರಿ ಓಡುವ ಪ್ರೋಗ್ರಾಮಿನ ಇನ್ಸರ್ಟ್‌ನಲ್ಲಿ ಕಾಲಂ ಹೆಸರುಗಳನ್ನೇ ಬರೆದಿರಲಿಲ್ಲ, ಬರೀ ಮೌಲ್ಯಗಳು ಸಾಲಾಗಿ ಬರುತ್ತಿದ್ದವು. ತಾರೀಖು ಬರಬೇಕಾದಲ್ಲಿ ಮೊತ್ತ ಬಂದಿದ್ದರೆ ಡೇಟಾಬೇಸೇ ತಡೆಯುತ್ತಿತ್ತು. ಇವೆರಡೂ ಮೊತ್ತ. ಮೂರು ದಿನ ಅಸಲು ಬಡ್ಡಿಗೂ ಬಡ್ಡಿ ಅಸಲಿಗೂ ಜಮಾ ಆಯಿತು, ಒಂದು ಎರರ್ ಕೂಡ ಬರಲಿಲ್ಲ. ಕೊನೆಗೆ ಕಂಡುಹಿಡಿದದ್ದು ಪಾಸ್‌ಬುಕ್ ಹಿಡಿದು ಬಂದ ಒಬ್ಬ ರೈತರು. “ನಾನು ಕಟ್ಟಿದ್ದು ಅಸಲಿಗೆ ಅಲ್ವಾ ಸ್ವಾಮಿ, ಸಾಲ ಯಾಕೆ ಇಳಿದಿಲ್ಲ?” ಎಂದು ಅವರು ಕೇಳಿದ್ದು ನನಗೆ ಇವತ್ತಿಗೂ ಮರೆತಿಲ್ಲ.

ಎಡ್ಗರ್ ಕಾಡ್ 1970ರಲ್ಲಿ, ಐಬಿಎಂನಲ್ಲಿದ್ದಾಗ, ಸಂಬಂಧಾತ್ಮಕ ಮಾದರಿಯ ತಮ್ಮ ಪ್ರಬಂಧ ಬರೆದಾಗಲೇ ಇದನ್ನು ಯೋಚಿಸಿದ್ದರು. ಕಾಲಂಗಳ ಕ್ರಮವನ್ನು ನೆನಪಿಟ್ಟುಕೊಳ್ಳುವ ಹೊರೆ ಬಳಸುವವರ ಮೇಲೆ ಬೀಳಬಾರದು, ಅವರು ಹೆಸರು ಹಿಡಿದು ಕೇಳುವಂತಿರಬೇಕು ಎಂಬುದು ಅವರ ನಿಲುವು. ಎಸ್‌ಕ್ಯೂಎಲ್ ಆ ಹೊರೆಯನ್ನು ಪೂರ್ತಿ ಇಳಿಸಲಿಲ್ಲ. ಸೆಲೆಕ್ಟ್ ಸ್ಟಾರ್, ಹೆಸರಿಲ್ಲದ ಇನ್ಸರ್ಟ್, ಯೂನಿಯನ್, ಇವೆಲ್ಲ ಜಾಗ ನೋಡಿಯೇ ನಡೆಯುತ್ತವೆ.

ಕ್ರಮಕ್ಕೆ ನಿಜವಾದ ಬೆಲೆ ಇರುವ ಒಂದು ಜಾಗವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಬಿಗ್‌ಇಂಟ್ ಕಾಲಂ 8 ಬೈಟಿನ ಗಡಿಯಲ್ಲೇ ಶುರುವಾಗಬೇಕು. 1 ಬೈಟಿನ ಬೂಲಿಯನ್ ಅದರ ಮುಂದೆ ಕೂತರೆ ನಡುವೆ 7 ಬೈಟು ಖಾಲಿ ಬೀಳುತ್ತದೆ. ಬೂಲಿಯನ್, ಬಿಗ್‌ಇಂಟ್, ಮತ್ತೆ ಬೂಲಿಯನ್, ಮತ್ತೆ ಬಿಗ್‌ಇಂಟ್ ಎಂದು ಇಟ್ಟರೆ ಡೇಟಾಕ್ಕೆ 32 ಬೈಟು. ಬಿಗ್‌ಇಂಟ್ ಎರಡನ್ನೂ ಮೊದಲಿಟ್ಟರೆ, ಸಾಲಿನ ಕೊನೆಯ ಖಾಲಿ ಬೈಟುಗಳೂ ಸೇರಿ, 24. ಒಂದು ಕೋಟಿ ಸಾಲಿಗೆ ಎಂಟು ಕೋಟಿ ಬೈಟು ಉಳಿತಾಯ. ಇದನ್ನು ಟೇಬಲ್ ಕಟ್ಟುವ ದಿನವೇ ಮಾಡಿ. ಜನ ಬಳಸುತ್ತಿರುವ ಟೇಬಲ್ಲಿನಲ್ಲಿ, ಬರೀ ನೋಟಕ್ಕಾಗಿ, ದಯವಿಟ್ಟು ಬೇಡ.

ನಿಮ್ಮ ಕೋರಿಕೆಯನ್ನು ನಾನು ತಳ್ಳಿಹಾಕಿಲ್ಲ. ಸದಸ್ಯರ ಟೇಬಲ್ಲಿನ ಮೇಲೆ ಒಂದು ವ್ಯೂ ಬರೆದಿದ್ದೇನೆ, ಅದರಲ್ಲಿ ಹೆಸರಿನ ಪಕ್ಕದಲ್ಲೇ ಮೊಬೈಲ್ ಇದೆ. ಮುಂದೆ ಕ್ರಮ ಬೇರೆ ಬೇಕೆನಿಸಿದರೆ ವ್ಯೂ ಅಳಿಸಿ ಮತ್ತೆ ಬರೆಯಿರಿ. ಇರುವ ವ್ಯೂ ಮೇಲೆಯೇ ‘ರಿಪ್ಲೇಸ್’ ಎಂದರೆ ಪೋಸ್ಟ್‌ಗ್ರೆಸ್ ಕೊನೆಗೆ ಸೇರಿಸಲು ಬಿಡುತ್ತದೆಯೇ ಹೊರತು ಕ್ರಮ ಬದಲಿಸಲು ಬಿಡುವುದಿಲ್ಲ. ಹೇಗೂ ಒಂದು ಸಾಲು ಡೇಟಾವೂ ಅಲುಗುವುದಿಲ್ಲ. ಬದಲಿಗೆ ನನ್ನದೊಂದು ಕೋರಿಕೆ: ಈ ವಾರ ನಮ್ಮ ಪ್ರೋಗ್ರಾಮುಗಳಲ್ಲಿ ಕಾಲಂ ಹೆಸರಿಲ್ಲದ ಇನ್ಸರ್ಟ್‌ಗಳನ್ನು ಹುಡುಕಿ ಪಟ್ಟಿ ಮಾಡಿ. ವಸೂಲಿ ಪ್ರೋಗ್ರಾಮಿನಿಂದಲೇ ಶುರುಮಾಡಿ, ಜೊತೆಗೆ ನಾನೂ ಕೂರುತ್ತೇನೆ.

ಇತಿ,
ನಿಮ್ಮ ಸಹೋದ್ಯೋಗಿ